ಅಘನಾಶಿನಿಯಲ್ಲೊಬ್ಬ ಸೂಪರ್‌ಹೀರೋ

ಸೂಪರ್‌ಹೀರೋ ಸಿನಿಮಾ ಮಾಡ್ತಾ ಇದೀನಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ‘ಹಾರ್ತಾನಾ?’ ನಿರ್ಮಾಪಕರು ಕೇಳಿದರು. ಕ್ಯಾಮೆರಾಮನ್ ಕೇಳಿದ. ಕುಮಟಾದಲ್ಲಿ ನಾವು ದಿನಾ ಚಹಾ ಕುಡಿಯುತ್ತಿದ್ದ ಅಂಗಡಿಯವರೂ ಕೇಳಿದರು. ಶಿರಸಿಯ ನನ್ನ ಅತ್ತೆ ಮಾತ್ರ ‘ಪದ್ಯ ಇದ್ದಾ?’ ಅಂದರು. ಅವರಿಗೆ ಆಟ ಅಂದರೆ ಯಕ್ಷಗಾನ, ಪದ್ಯ ಇಲ್ಲದ ಆಟ ಆಟವೇ ಅಲ್ಲ.

ಹಾರಲ್ಲ ಅಂದೆ. ನಿರ್ಮಾಪಕರ ಮುಖ ಸಣ್ಣದಾಯಿತು. ಹಾರದೇ ಇರೋ ಹೀರೋನ ನೋಡೋಕೆ ಟಿಕೆಟ್ ಯಾರು ತಗೋತಾರೆ ಅಂತ ಅವರ ಚಿಂತೆ. ನಾನು ಅವರಿಗೆ ಸೂಪರ್‌ಮ್ಯಾನ್ ಕಥೆ ಹೇಳಿದೆ. 1938ರ ಜೂನ್ ತಿಂಗಳ ಕಾಮಿಕ್ ಪುಸ್ತಕದಲ್ಲಿ ಅವನು ಮೊದಲ ಸಲ ಕಾಣಿಸಿಕೊಂಡಾಗ ಅವನಿಗೂ ಹಾರೋಕೆ ಬರುತ್ತಿರಲಿಲ್ಲ. ಜಿಗಿಯುತ್ತಿದ್ದ, ಅಷ್ಟೆ. ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್ ಜಿಗಿಯಬಲ್ಲ ಅಂತ ಆ ಪುಸ್ತಕದಲ್ಲೇ ಇದೆ. ಹಾರಾಟ ಆಮೇಲೆ ಸೇರಿಕೊಂಡಿದ್ದು. ‘ಅಂದ್ರೆ ನಮ್ಮವನು ಎರಡನೇ ಭಾಗದಲ್ಲಿ ಹಾರಬಹುದು’ ಅಂದರು ನಿರ್ಮಾಪಕರು. ನಾನು ಸುಮ್ಮನಾದೆ.

ನಮ್ಮ ಹೀರೋ ಅಘನಾಶಿನಿ ಅಳಿವೆಯಲ್ಲಿ ಬೆಳಚು, ಅಂದರೆ ಕೆಸರಿನ ಚಿಪ್ಪುಮೀನು, ಹೆಕ್ಕುವ ಹುಡುಗ. ಮೈಮೇಲೆ ಸಮುದ್ರದ ಉಪ್ಪು ಇರುವಷ್ಟು ಹೊತ್ತು ಅವನಿಗೆ ಹತ್ತಾಳಿನ ಬಲ. ಸಿಹಿನೀರು ಬಿದ್ದು ಉಪ್ಪು ತೊಳೆದುಹೋಯಿತೋ, ಅವನು ನಮ್ಮ ನಿಮ್ಮ ಹಾಗೆ ಸಾಮಾನ್ಯ ಮನುಷ್ಯ. ಅಂದರೆ ಜೂನ್ ಬಂತು ಅಂದ್ರೆ ಅವನ ಕಥೆ ಮುಗೀತು. ಹೊರಗೆ ಕಾಲಿಟ್ಟರೆ ಮಳೆ. ಇನ್ನು ಅಳಿವೆಗೆ ಇಳಿಯೋಣ ಅಂದರೂ ಪ್ರಯೋಜನವಿಲ್ಲ. ಘಟ್ಟದ ಮೇಲಿನ ನೀರೆಲ್ಲ ಕೆಳಗೆ ಬಂದು ಮಳೆಗಾಲದಲ್ಲಿ ಅಳಿವೆಯೇ ಹೆಚ್ಚುಕಡಿಮೆ ಸಿಹಿಯಾಗಿರುತ್ತದೆ. ಶಿರಸಿಯಲ್ಲಿ ಹುಟ್ಟುವ ನದಿ ತದಡಿಯ ಹತ್ತಿರ ಸಮುದ್ರ ಸೇರುತ್ತದಲ್ಲ, ನಡುವೆ ಎಲ್ಲೂ ಅಣೆಕಟ್ಟು ಇಲ್ಲ. ಬಿದ್ದ ಮಳೆಯೆಲ್ಲ ನೇರ ಕೆಳಗೆ.

ಈ ನಿಯಮ ನನಗೆ ಸುಲಭಕ್ಕೆ ಸಿಕ್ಕಿದ್ದಲ್ಲ. ಮೊದಲ ಕರಡಿನಲ್ಲಿ ಹುಡುಗನಿಗೆ ಬಲ ಇತ್ತು, ವೇಗ ಇತ್ತು, ಕತ್ತಲಲ್ಲಿ ಕಣ್ಣು ಕಾಣುತ್ತಿತ್ತು, ಮೀನಿನ ಮಾತೂ ತಿಳಿಯುತ್ತಿತ್ತು. ಓದಿದ ಗೆಳೆಯರೆಲ್ಲ ಚೆನ್ನಾಗಿದೆ ಅಂದರು. ಚೆನ್ನಾಗಿದೆ ಅನ್ನುವಾಗ ಯಾರೂ ಕಣ್ಣಲ್ಲಿ ಕಣ್ಣಿಟ್ಟು ಹೇಳಲಿಲ್ಲ. ಆಗ ನನಗೆ ನೆನಪಾಗಿದ್ದು ಭಸ್ಮಾಸುರ. ನಮ್ಮ ಕಡೆ ಹುಟ್ಟಿದವರಿಗೆ ಭಸ್ಮಾಸುರ ಅಂದರೆ ಒಂದು ಕಡೆ ಯಾಣ, ಇನ್ನೊಂದು ಕಡೆ ಯಕ್ಷಗಾನದಲ್ಲಿ ಆ ವೇಷ ಮಾಡುತ್ತಿದ್ದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು. ಯಾಣದ ಕಪ್ಪು ಬಂಡೆಗಳಿಗೆ ಭೈರವೇಶ್ವರ ಶಿಖರ, ಮೋಹಿನಿ ಶಿಖರ ಅಂತಲೇ ಹೆಸರು. ದೊಡ್ಡದು 120 ಮೀಟರ್, ಸಣ್ಣದು 90. ಭಸ್ಮಾಸುರ ಸುಟ್ಟ ಬೂದಿಗೇ ಆ ಮಣ್ಣು ಕಪ್ಪಾಗಿದ್ದು ಅಂತ ಅಜ್ಜಿಯಂದಿರ ಲೆಕ್ಕ.

ಆ ಕಥೆಯನ್ನು ಚಿತ್ರಕಥೆ ಬರೆಯುವವನ ಕಣ್ಣಲ್ಲಿ ಒಮ್ಮೆ ನೋಡಿ. ತಲೆ ಮೇಲೆ ಕೈ ಇಟ್ಟರೆ ಎದುರಿನವ ಬೂದಿ. ವರ ಒಂದೇ ಸಾಲು. ಮಗುವಿಗೂ ಅರ್ಥ ಆಗುತ್ತದೆ. ಆಮೇಲೆ ಮೂರು ಹೆಜ್ಜೆ: ವರ ಕೊಟ್ಟವನ ಮೇಲೆಯೇ ಪರೀಕ್ಷೆ ಮಾಡಲು ಹೊರಡುತ್ತಾನೆ, ಶಿವ ಓಡುತ್ತಾನೆ, ಮೋಹಿನಿ ಕುಣಿಸುತ್ತಾಳೆ. ಕೊನೆಗೆ ಅವನನ್ನು ಕೊಲ್ಲೋಕೆ ಹೊಸ ಆಯುಧ ಬರಲ್ಲ. ಮೊದಲ ದೃಶ್ಯದಲ್ಲಿ ಕೊಟ್ಟ ವರವೇ ಅವನ ಕೈಯನ್ನು ಅವನ ತಲೆ ಮೇಲೆ ಇಡಿಸುತ್ತದೆ. ಈ ಒಂದು ಪ್ರಸಂಗ ಸರಿಯಾಗಿ ನೋಡಿದವನಿಗೆ ಕಾಮಿಕ್ ಸಿನಿಮಾದ ಚಿತ್ರಕಥೆಗೆ ಬೇರೆ ಪಾಠ ಬೇಕಿಲ್ಲ ಅಂತ ನನಗೆ ಅನಿಸುತ್ತದೆ. ಹುಡುಗನ ಬಲಗಳನ್ನೆಲ್ಲ ಹೊಡೆದುಹಾಕಿದೆ. ಒಂದೇ ಉಳಿಸಿಕೊಂಡೆ. ಜೊತೆಗೆ ಅದನ್ನು ಕಿತ್ತುಕೊಳ್ಳುವ ದಾರಿಯನ್ನೂ ಮೊದಲ ಹತ್ತು ನಿಮಿಷದಲ್ಲೇ ತೋರಿಸಿಬಿಟ್ಟೆ.

ಉಪ್ಪೇ ಯಾಕೆ ಅಂದರೆ ಸಾಣಿಕಟ್ಟಾ. ಗೋಕರ್ಣದ ಕಡೆ ಹೋಗುವಾಗ ರಸ್ತೆ ಪಕ್ಕ ಉಪ್ಪಿನ ಆಗರ ಕಾಣುತ್ತದಲ್ಲ, ಬೇಸಿಗೆಯಲ್ಲಿ ಬಿಳಿ ರಾಶಿ ರಾಶಿ. ಅಳಿವೆಯ ನೀರನ್ನೇ ಕಟ್ಟಿ, ಬಿಸಿಲಿಗೆ ಒಣಗಿಸಿ ತೆಗೆಯುವ ಉಪ್ಪು ಅದು. ಅಲ್ಲಿ ಕೆಲಸ ಮಾಡುವವರ ಮೊಣಕಾಲಿನವರೆಗೆ ಬೆಳ್ಳಗೆ ಒಣಗಿದ ಗೆರೆ ಇರುತ್ತದೆ. ಆ ಗೆರೆ ನೋಡಿದಾಗ ಹೊಳೆಯಿತು: ಇವನ ಬಲ ಎಷ್ಟು ಉಳಿದಿದೆ ಅಂತ ಮೈಮೇಲೇ ಕಾಣುತ್ತದೆ, ಡೈಲಾಗ್ ಬೇಕಿಲ್ಲ! ಪಕ್ಕದಲ್ಲೇ ಗಜನಿ ಭೂಮಿ. ಉಪ್ಪುನೀರು ನುಗ್ಗಿದರೂ ಸಾಯದ ಕಗ್ಗ ಭತ್ತ ಬೆಳೆಯುವ ಜಾಗ. ವಿಲನ್ ಕೂಡ ಅಲ್ಲೇ ಸಿಕ್ಕಿದ. ಗಜನಿಯನ್ನೆಲ್ಲ ಹಿಡಿದು ಸೀಗಡಿ ಕೆರೆ ಮಾಡುವ ಗುತ್ತಿಗೆದಾರ. ಹಲಗೆ ಬಾಗಿಲು ಹಾಕಿ ಉಪ್ಪುನೀರನ್ನು ಎಲ್ಲಿ ಬೇಕೋ ಅಲ್ಲಿ ತಡೆಯಬಲ್ಲವ. ಹೀರೋನ ಬಲಕ್ಕೆ ಬೀಗ ಹಾಕಬಲ್ಲ ಮನುಷ್ಯ. ಇವನಿಗೆ ಸೂಪರ್ ಶಕ್ತಿ ಯಾಕೆ ಬೇಕು? ಕೀಲಿಕೈ ಸಾಕು.

ಇನ್ನು ಚಿತ್ರ ಬಿಡಿಸುವ ಕೆಲಸ. ನನ್ನ ಮೊದಲ ಸಿನಿಮಾ ದೇವಿಮನೆ ಘಟ್ಟದಲ್ಲಿ ತೆಗೆದ ಸಣ್ಣ ಹಾರರ್. ಅದಕ್ಕೆ ಸ್ಟೋರಿಬೋರ್ಡ್, ಅಂದರೆ ಒಂದೊಂದು ಶಾಟನ್ನೂ ಮೊದಲೇ ಕಾಗದದ ಮೇಲೆ ಬಿಡಿಸಿಡೋದು, ಬೇಕಾಗಿರಲಿಲ್ಲ. ಮಂಜು, ಹೆಡ್‌ಲೈಟು, ಜೀರುಂಡೆ ಸದ್ದು ತಟ್ಟನೆ ನಿಲ್ಲೋದು, ಇಷ್ಟರಲ್ಲೇ ಅರ್ಧ ಕೆಲಸ ಆಗಿತ್ತು. ಕಾಮಿಕ್ ಸಿನಿಮಾದಲ್ಲಿ ಹಾಗಾಗಲ್ಲ. ಹೀರೋ ದೋಣಿ ಎತ್ತುವ ಶಾಟ್‌ಗೆ ಕ್ರೇನ್ ಎಲ್ಲಿ ನಿಲ್ಲಬೇಕು, ಯಾವುದನ್ನು ಅಳಿಸಬೇಕು ಅಂತ ಮೊದಲೇ ಗೊತ್ತಿರಬೇಕು. ಬೆಂಗಳೂರಿನ ಸ್ಟೋರಿಬೋರ್ಡ್ ಕಲಾವಿದರು ಕೇಳಿದ ದುಡ್ಡು ನಮ್ಮ ಕೈಲಿ ಆಗುವಂಥದ್ದಲ್ಲ. ಕುಮಟಾದ ಒಬ್ಬ ಹಳೇ ಬೋರ್ಡ್ ಪೇಂಟರ್ ಹತ್ತಿರ ಹೋದೆ. ಫ್ಲೆಕ್ಸ್ ಬರುವ ಮುಂಚೆ ಅಂಗಡಿ ಬೋರ್ಡು, ಲಾರಿ ಹಿಂದಿನ ಹುಲಿ, ಯಕ್ಷಗಾನದ ಪೋಸ್ಟರ್ ಎಲ್ಲ ಅವರದ್ದೇ ಕೈ. ಮಾಮ ಅಂತಲೇ ನಾನು ಕರೆಯೋದು.

ಅವರು ಬಿಡಿಸಿದ ಮೊದಲ ಚಿತ್ರ ಇನ್ನೂ ನನ್ನ ಗೋಡೆ ಮೇಲಿದೆ. ಯಾಣದ ಬಂಡೆ ತುದಿಯಿಂದ ಹುಡುಗ ಕೆಳಗೆ ಧುಮುಕುವುದು. ಕಾಗದವನ್ನು ಉದ್ದಕ್ಕೆ ನಿಲ್ಲಿಸಿ, ಮೇಲಿನ ಮೂಲೆಯಲ್ಲಿ ಬೆರಳುಗಾತ್ರದ ಹುಡುಗ, ಕೆಳಗೆ ಇಡೀ ಪುಟ ಬಂಡೆ. ಎದೆ ಧಸಕ್ ಅನ್ನುವ ಹಾಗಿತ್ತು. ಆದರೆ ನಾವು ತೆಗೆಯುತ್ತಿದ್ದುದು ಸ್ಕೋಪ್. ತೆರೆಯ ಎತ್ತರ 1 ಅಂದರೆ ಅಗಲ 2.39. ಆ ಉದ್ದ ಬಂಡೆ ಈ ಅಡ್ಡ ತೆರೆಯಲ್ಲಿ ಕೂರೋದು ಹೇಗೆ? ಬಂಡೆ ಪೂರ್ತಿ ಬರಲಿ ಅಂದರೆ ಹುಡುಗ ಇರುವೆ ಆಗ್ತಾನೆ, ಎರಡೂ ಪಕ್ಕ ಬರೀ ಕಾಡು. ‘ಕಾಗದ ತಿರುಗ್ಸಿ ಬಿಡ್ಸಿ ಮಾಮ’ ಅಂದೆ. ‘ಬಂಡೆ ಮಲಗಿಸೂಕೆ ಆತದಾ ತಮ್ಮಾ?’ ಅಂದರು.

ಕಾಮಿಕ್‌ನಿಂದ ಸಿನಿಮಾಕ್ಕೆ ಬರುವವರು ಎಲ್ಲರೂ ಎಡವುವ ಜಾಗ ಇದು. ಕಾಮಿಕ್ ಪುಟದಲ್ಲಿ ಚೌಕಟ್ಟು ಕಥೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಎರಡು ಚೌಕಟ್ಟಿನ ನಡುವೆ ಎಷ್ಟು ಹೊತ್ತು ಕಳೆಯಿತು ಅನ್ನೋದನ್ನು ಓದುವವನೇ ತೀರ್ಮಾನ ಮಾಡುತ್ತಾನೆ. ಬೇಕಾದರೆ ಅಲ್ಲೇ ನಿಂತು ನೋಡಬಹುದು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುತ್ತಲೇ ಇರುತ್ತದೆ, ಯಾರಿಗೂ ಕಾಯಲ್ಲ. 2003ರಲ್ಲಿ ಆಂಗ್ ಲೀ ‘ಹಲ್ಕ್’ ಸಿನಿಮಾದಲ್ಲಿ ತೆರೆಯನ್ನೇ ಕಾಮಿಕ್ ಪುಟದ ಹಾಗೆ ತುಂಡು ತುಂಡಾಗಿ ಒಡೆದು ತೋರಿಸಿದ್ದರು. ನಾವೂ ಎಡಿಟಿಂಗ್ ಟೇಬಲ್ ಮೇಲೆ ಒಂದು ಹೊಡೆದಾಟದ ದೃಶ್ಯಕ್ಕೆ ಹಾಗೆ ಮಾಡಿ ನೋಡಿದೆವು. ಕಣ್ಣು ಯಾವ ತುಂಡು ನೋಡಬೇಕು ಅಂತ ಹುಡುಕುವಷ್ಟರಲ್ಲಿ ಏಟು ಬಿದ್ದು ಆಗಿರುತ್ತಿತ್ತು. ತೆಗೆದುಹಾಕಿದೆ. ಯಾಣದ ಶಾಟ್‌ಗೆ ಕೊನೆಗೆ ಬಂಡೆ ಪೂರ್ತಿ ತೋರಿಸಲೇ ಇಲ್ಲ. ಹುಡುಗನ ಕಾಲ್ಬೆರಳು, ಅಂಚಿನಿಂದ ಜಾರಿದ ಒಂದು ಕಲ್ಲು, ಆ ಕಲ್ಲು ಕೆಳಗೆ ಬಿದ್ದ ಸದ್ದು ಬರೋಕೆ ಹಿಡಿಯುವ ಹೊತ್ತು. ಎತ್ತರವನ್ನು ಕಿವಿಗೆ ಬಿಟ್ಟೆವು. ಮಾಮನಿಗೆ ಇದು ಇಷ್ಟ ಆಗಲಿಲ್ಲ. ‘ನಾ ಬಿಡ್ಸಿದ ಬಂಡೆ ಎಲ್ಲಿ?’ ಅಂತ ಈಗಲೂ ಕೇಳುತ್ತಾರೆ.

ಈಗ ವೇಷದ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು.

ಬೆಂಗಳೂರಿನಲ್ಲಿ ಹೊಲಿಸಿದ ಫೋಮ್ ಸೂಟ್ ಒಂದು ಬಂತು. ನೀಲಿ ಬಣ್ಣ, ಎದೆ ಮೇಲೆ ಸ್ನಾಯುಗಳ ಉಬ್ಬು, ಹೆಗಲ ಮೇಲೆ ಮೀನಿನ ಪೊರೆ. ಫೋಟೋದಲ್ಲಿ ಅದ್ಭುತ. ಮೇ ತಿಂಗಳ ಕುಮಟಾ ಸೆಕೆಗೆ ಹಾಕಿಸಿದೆವು. ಹತ್ತು ನಿಮಿಷಕ್ಕೆ ಹುಡುಗನ ಬೆವರು ಸೂಟಿನ ಕಾಲಿನಿಂದ ಹೊರಗೆ ಹರಿಯೋಕೆ ಶುರುವಾಯಿತು. ಕಾಲುಗಂಟೆಗೆ ತಲೆ ತಿರುಗಿ ಕೂತ. ಬಿಚ್ಚಿ ಫ್ಯಾನ್ ಕೆಳಗೆ ಕೂರಿಸಿ ಮಜ್ಜಿಗೆ ಕುಡಿಸಿದ್ದಾಯಿತು. ಆದರೆ ನನಗೆ ಸೆಕೆಗಿಂತ ಜಾಸ್ತಿ ಕಾಡಿದ್ದು ಅವನ ಮುಖ. ಸೂಟ್ ಹಾಕಿದ ಕೂಡಲೇ ಅವನಿಗೆ ನಾಚಿಕೆ. ಸುತ್ತ ನಿಂತ ಜನರ ಕಡೆ ನೋಡಿ ಒಂದು ನಮೂನೆ ನಗುತ್ತಿದ್ದ, ಇದೆಲ್ಲ ಸುಮ್ನೆ ತಮಾಷೆಗೆ ಅನ್ನೋ ಹಾಗೆ. ಆ ನಗು ಕ್ಯಾಮೆರಾಗೆ ಸಿಕ್ಕಿಬಿಡುತ್ತದೆ. ಜಾನರ್ ಸಿನಿಮಾ ಮಾಡುವವನೇ ಅದಕ್ಕೆ ನಾಚಿಕೊಂಡರೆ ನೋಡುವವನು ಯಾಕೆ ನಂಬಬೇಕು? ಎಷ್ಟೋ ಸಿನಿಮಾಗಳು ಹೀಗೆ ಮೊದಲೇ ಕ್ಷಮೆ ಕೇಳಿಕೊಂಡು ಶುರುವಾಗುತ್ತವೆ. ನನಗೆ ಅದು ಕಂಡರೆ ಆಗಲ್ಲ. ನಮ್ಮಲ್ಲಿ 1968ರಲ್ಲೇ ‘ಜೇಡರ ಬಲೆ’ ಬಂದಿತ್ತು. ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಪಿಸ್ತೂಲು ಹಿಡಿದು ನಿಂತಾಗ ಎಲ್ಲಾದರೂ ‘ಇದು ಸುಮ್ನೆ’ ಅನ್ನುವ ನಗು ಇದೆಯಾ? ಇಲ್ಲ. ಪೂರ್ತಿ ನಂಬಿ ನಿಂತಿದ್ದಾರೆ.

ಹುಡುಗನನ್ನು ಕರೆದುಕೊಂಡು ಹೊನ್ನಾವರದ ಕಡೆ ಒಂದು ಆಟಕ್ಕೆ ಹೋದೆ. ಆಟ ನೋಡೋಕಲ್ಲ, ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂರೋಕೆ. ರಾತ್ರಿ ಒಂಬತ್ತರ ಹೊತ್ತಿಗೆ ಬಣ್ಣದ ವೇಷದವರು ಕನ್ನಡಿ ಹಿಡಿದು ಕೂತಿದ್ದರು. ವಯಸ್ಸಾದವರು, ಸಣಕಲು ಮೈ, ಹೆಗಲ ಮೇಲೊಂದು ಟವೆಲ್, ಬಾಯಲ್ಲಿ ಎಲೆ ಅಡಿಕೆಯ ಕವಳ. ಮುಖಕ್ಕೆ ಬಣ್ಣ ಹಚ್ಚುತ್ತ ನಮ್ಮ ಜೊತೆ ಅಡಿಕೆ ರೇಟಿನ ಮಾತು. ಹುಬ್ಬು ಬರೆದಾಗಲೂ ಅದೇ ಮಾತು. ಆಮೇಲೆ ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಕೆನ್ನೆ ಮೇಲೆ ಒಂದೊಂದೇ ಚಿಟ್ಟಿ ಇಡೋಕೆ ಶುರು ಮಾಡಿದರು. ಮಾತು ಕಡಿಮೆಯಾಯಿತು. ಕಿರೀಟ ಕಟ್ಟುವಾಗ ಮಾತು ನಿಂತೇಹೋಯಿತು. ಕಟ್ಟುತ್ತಿದ್ದ ಹುಡುಗರೂ ಅವರನ್ನು ಹೆಸರು ಹಿಡಿದು ಕರೆಯೋದು ಬಿಟ್ಟರು. ಎದ್ದು ನಿಂತಾಗ ಚೌಕಿಯ ಬಾಗಿಲು ಸಾಲದಷ್ಟು ಅಗಲ ಆಗಿದ್ದರು. ಹೊರಡುವ ಮುಂಚೆ ನಮ್ಮ ಹೀರೋ ಕಡೆ ತಿರುಗಿ ಒಂದೇ ಮಾತು ಹೇಳಿದ್ದು: ‘ತಮಾ, ನಗಡ. ನೀ ನಕ್ಕರೆ ಅವ್ವೂ ನಗ್ತ.’

ರಂಗಕ್ಕೆ ಬಂದ ಮೇಲೂ ಅವರು ಒಂದೇ ಸಲಕ್ಕೆ ಕಾಣಿಸಿಕೊಳ್ಳಲಿಲ್ಲ. ಇಬ್ಬರು ತೆರೆ ಹಿಡಿದು ನಿಂತರು. ಚಂಡೆ ಏರುತ್ತಾ ಹೋಯಿತು. ಮೊದಲು ತೆರೆಯ ಮೇಲೆ ಕಿರೀಟದ ತುದಿ, ಆಮೇಲೆ ಬದಿಯಿಂದ ಒಂದು ಕೈ, ಒಂದು ಆರ್ಭಟ, ಮತ್ತೆ ಏನೂ ಇಲ್ಲ. ಮುಂದೆ ಕೂತ ಮಕ್ಕಳು ಅಮ್ಮಂದಿರ ಸೀರೆ ಹಿಡಿದುಕೊಂಡರು. ಒಂದು ಬಟ್ಟೆ, ಎರಡು ಜನ. ಖರ್ಚು ಎಷ್ಟು? ನಾನು ಅವತ್ತೇ ನನ್ನ ಹೀರೋನ ಪ್ರವೇಶದ ದೃಶ್ಯ ಹರಿದು ಹಾಕಿದೆ. ಹೊಸದರಲ್ಲಿ ಅವನು ಒಣಗೋಕೆ ಹಾಕಿದ ಬಲೆಯ ಹಿಂದೆ ಇರುತ್ತಾನೆ. ಬಲೆಯ ಮೇಲೆ ಒಂದು ಕೈ, ಉಪ್ಪು ಮೆತ್ತಿದ ಒಂದು ಭುಜ. ಪೂರ್ತಿ ಕಾಣೋದು ಸಿನಿಮಾ ಶುರುವಾಗಿ ಮುಕ್ಕಾಲು ಗಂಟೆ ಆದ ಮೇಲೆ.

ಫೋಮ್ ಸೂಟ್ ಪೆಟ್ಟಿಗೆಗೆ ಹೋಯಿತು. ಬದಲಿಗೆ ಬೆಳಚು ಹೆಕ್ಕುವವರು ಏನು ಹಾಕುತ್ತಾರೋ ಅದೇ ಹಾಕಿಸಿದೆವು. ಹಳೇ ಬನಿಯನ್, ಚಡ್ಡಿ, ತಲೆಗೆ ಸುತ್ತಿದ ಟವೆಲ್, ಸೊಂಟಕ್ಕೆ ನೈಲಾನ್ ಬಲೆಯ ತುಂಡು. ಉಳಿದಿದ್ದು ಉಪ್ಪು. ನಿಜವಾದ ಉಪ್ಪು ಹಚ್ಚಿದರೆ ಸ್ವಲ್ಪ ಹೊತ್ತಿಗೇ ಚರ್ಮ ಉರಿಯುತ್ತದೆ. ಮೇಕಪ್‌ನವರು ಚೌಕಿಯ ಉಪಾಯವನ್ನೇ ತಗೊಂಡರು. ಸುಣ್ಣ ಬಿಟ್ಟು ಬರೀ ಅಕ್ಕಿ ಹಿಟ್ಟಿನ ಅಂಟು ಕುದಿಸಿ, ತೆಳ್ಳಗೆ ಬಳಿದು, ಒಣಗಿದ ಮೇಲೆ ಕೈ ಮಡಚಿ ಬಿಚ್ಚಲು ಹೇಳೋದು. ಬಿರುಕು ಬಿಟ್ಟು ಥೇಟ್ ಆಗರದ ಉಪ್ಪಿನ ಹಾಗೆ ಕಾಣುತ್ತಿತ್ತು. ಆದರೆ ಮಳೆಯ ದೃಶ್ಯಕ್ಕೆ ಇದು ಆಗಲ್ಲ, ಹಿಟ್ಟು ಕರಗಲ್ಲ, ಗಂಜಿಯ ಹಾಗೆ ಇಳಿಯುತ್ತದೆ. ಅದಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಸವರಿ ಮೇಲೆ ನಿಜವಾದ ಪುಡಿ ಉಪ್ಪು ಉದುರಿಸಿ, ಬೇಗ ಬೇಗ ಶಾಟ್ ತೆಗೆದು, ಕೂಡಲೇ ಕೊಡದಲ್ಲಿ ನೀರು ಹೊಯ್ಯೋದು. ಹುಡುಗ ಬೈಯುತ್ತಲೇ ಮಾಡಿದ.

ಹೊಡೆದಾಟಕ್ಕೆ ಚೆನ್ನೈನಿಂದ ಬಂದ ಫೈಟ್ ಮಾಸ್ಟರ್ ರೋಪ್ ಕಟ್ಟಿಸಿದರು. ಸೊಂಟಕ್ಕೆ ಹಾರ್ನೆಸ್, ಮೇಲೆ ಕ್ರೇನ್, ಆ ಕಡೆ ನಾಲ್ಕು ಜನ ಎಳೆಯೋಕೆ. ಶೂಟಿಂಗ್ ಆದ ಮೇಲೆ ಆ ಹಗ್ಗವನ್ನು ಕಂಪ್ಯೂಟರ್‌ನಲ್ಲಿ ಅಳಿಸಬೇಕು. ಅದಕ್ಕೆ ಫ್ರೇಮ್ ಲೆಕ್ಕ. ನಾಲ್ಕು ಸೆಕೆಂಡಿನ ಜಿಗಿತ ಅಂದರೆ 96 ಫ್ರೇಮ್, ಒಂದೊಂದರಲ್ಲೂ ಹಗ್ಗ ಅಳಿಸಿ, ಹಿಂದಿನ ಅಲೆ ಮತ್ತೆ ಬಿಡಿಸಿ ಕೂರಿಸಬೇಕು. ಹಿಂದೆ ಗೋಡೆಯೋ ಆಕಾಶವೋ ಇದ್ದರೆ ಸುಲಭ. ನೀರು ಇದ್ದರೆ ಕಥೆ ಮುಗೀತು, ಒಂದು ಫ್ರೇಮಿನ ನೀರು ಇನ್ನೊಂದು ಫ್ರೇಮಿನಲ್ಲಿ ಇರಲ್ಲ. ನಾನು ಬರೆದಿದ್ದೇ ನೀರಿನ ಹೀರೋ.

ಬಿಲ್ ನೋಡುತ್ತ ಕೂತಾಗ ನನಗೆ ಶಿರಸಿಯ ಬೇಡರ ವೇಷ ನೆನಪಾಯಿತು. ಮಾರಿಕಾಂಬೆ ಜಾತ್ರೆ ಇಲ್ಲದ ವರ್ಷ ಹೋಳಿ ಹೊತ್ತಿಗೆ ರಾತ್ರಿ ಶಿರಸಿ ಬೀದಿಯಲ್ಲಿ ನಿಂತವರಿಗೆ ಗೊತ್ತು. ಬೆನ್ನಿಗೆ ನವಿಲುಗರಿ, ಮುಖಕ್ಕೆ ಬಣ್ಣ, ಕೈಯಲ್ಲಿ ಕತ್ತಿ ಗುರಾಣಿ. ತಮಟೆ ಬಡಿತಕ್ಕೆ ಮೈಮೇಲೆ ಏರಿ ಬರುವ ಬೇಡ. ಅವನ ಸೊಂಟಕ್ಕೂ ಹಗ್ಗ ಕಟ್ಟಿರುತ್ತಾರೆ. ಹಿಂದೆ ಇಬ್ಬರು ಹಿಡಿದಿರುತ್ತಾರೆ. ಅದನ್ನು ಯಾರೂ ಮುಚ್ಚಿಡಲ್ಲ. ಹಗ್ಗ ಬಿಗಿಯಾದಷ್ಟೂ ಜನ ಹಿಂದೆ ಸರಿಯುತ್ತಾರೆ. ಅವನು ಎಷ್ಟು ಬಲವಂತ ಅನ್ನೋದು ಹಗ್ಗ ಹಿಡಿದವರ ಕಾಲು ಜಾರುವುದರಲ್ಲಿ ಗೊತ್ತಾಗುತ್ತದೆ. ಚಿಕ್ಕವನಿದ್ದಾಗ ನಾನು ಓಡಿಹೋಗಿ ಅಂಗಡಿ ಕಟ್ಟೆ ಹತ್ತಿದ್ದು ಕತ್ತಿ ನೋಡಿ ಅಲ್ಲ, ಹಗ್ಗ ಹಿಡಿದವರು ಮುಗ್ಗರಿಸಿದ್ದು ನೋಡಿ.

ಮರುದಿನ ಮಾಸ್ಟರ್‌ಗೆ ಹೇಳಿದೆ: ಹಗ್ಗ ಅಳಿಸೋದು ಬೇಡ, ಕಾಣಲಿ. ಅವರು ನನ್ನ ಮುಖವನ್ನೇ ನೋಡಿದರು. ಬಂದರದ ಹೊಡೆದಾಟವನ್ನೇ ಬದಲಿಸಿದೆವು. ವಿಲನ್ ಕಡೆಯವರು ಹುಡುಗನ ಸೊಂಟಕ್ಕೆ ದೋಣಿ ಕಟ್ಟುವ ದಪ್ಪ ಹಗ್ಗ ಹಾಕಿ ಎಳೆಯುತ್ತಾರೆ. ಆರು ಜನ, ಆಮೇಲೆ ಹತ್ತು ಜನ. ಅವರ ಚಪ್ಪಲಿ ಜಾರುತ್ತದೆ, ಕಬ್ಬಿಣದ ಗೂಟ ಬಾಗುತ್ತದೆ. ಹೀರೋ ಮುಖ ತೋರಿಸೋದು ಕೊನೆಗೆ. ಅಳಿಸೋ ಖರ್ಚು ಉಳಿಯಿತು. ಇಡೀ ಸಿನಿಮಾದಲ್ಲಿ ಜನ ಜಾಸ್ತಿ ಶಿಳ್ಳೆ ಹೊಡೆಯೋದೂ ಅಲ್ಲೇ.

ಆ ಬಂದರು ಕಾರವಾರದ ಬೈತಖೋಲ್. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಅಷ್ಟೂ ಬೋಟುಗಳು ದಡಕ್ಕೆ ಬಂದು ಒತ್ತೊತ್ತಾಗಿ ನಿಂತಿರುತ್ತವೆ. ಯಾವ ಆರ್ಟ್ ಡೈರೆಕ್ಟರ್‌ಗೂ ಕಟ್ಟೋಕಾಗದ ಸೆಟ್. ಕೆಂಪು, ನೀಲಿ, ಹಸಿರು ಬಣ್ಣ, ಪಟಪಟ ಅನ್ನುವ ತಾಡಪಾಲು. ಮೇಲಿಂದ ಡ್ರೋನ್ ಶಾಟ್ ತೆಗೆದಿದ್ದರೆ ಎಷ್ಟು ಚೆಂದ ಇರುತ್ತಿತ್ತು, ಆದರೆ ನೌಕಾನೆಲೆ ಇರುವ ಊರಲ್ಲಿ ಡ್ರೋನ್ ಆಸೆ ಬಿಡೋದೇ ವಾಸಿ. ಐಸ್ ಪ್ಲಾಂಟಿನ ಮಹಡಿ ಹತ್ತಿದೆವು.

ಮಳೆಗಾಲ, ಹೀರೋಗೆ ಬಲ ಇಲ್ಲದ ಕಾಲ, ಕ್ಲೈಮ್ಯಾಕ್ಸ್‌ಗೆ ಹೇಳಿ ಮಾಡಿಸಿದ ಹೊತ್ತು. ಆದರೂ ನಾನು ಮಳೆಗೆ ಟ್ಯಾಂಕರ್ ಹೇಳಿದೆ. ನಿಜವಾದ ಮಳೆ ಕ್ಯಾಮೆರಾಗೆ ಸರಿಯಾಗಿ ಬೀಳಲ್ಲ. ಹನಿಗಳ ಹಿಂದಿನಿಂದ ದೀಪ ಬಿಟ್ಟರೆ ಮಾತ್ರ ಗೆರೆ ಕಾಣುತ್ತದೆ. ಬಂದರದ ಒಂದು ಕಿಲೋಮೀಟರ್ ಮಳೆಗೆ ಹಿಂದಿನಿಂದ ದೀಪ ಬಿಡೋಕೆ ನಮ್ಮ ಜನರೇಟರ್ ಸಾಲದು. ಅದೂ ಅಲ್ಲದೆ ಮೊದಲ ಹನಿ ಹೀರೋನ ಭುಜದ ಮೇಲೆ ನಾನು ಹೇಳಿದ ಕ್ಷಣಕ್ಕೆ ಬೀಳಬೇಕು. ಮಳೆಗೆ ‘ಆ್ಯಕ್ಷನ್’ ಅಂದರೆ ಕೇಳುತ್ತದಾ? ಸುರಿಯೋದು ನಿಲ್ಲೋವರೆಗೆ ಬೋಟಿನ ಕೆಳಗೆ ಕೂತು ಕಾಯೋದು, ನಿಂತ ಕೂಡಲೇ ಓಡಿ ಪೈಪ್ ಹಿಡಿದು ಮಳೆ ಹೊಡೆಯೋದು, ಮತ್ತೆ ನಿಜವಾದ ಮಳೆ ಬಂದರೆ ಓಡೋದು. ಲೆಕ್ಕ ನೋಡಲು ಬೆಂಗಳೂರಿನಿಂದ ಬಂದ ಮ್ಯಾನೇಜರ್ ಟ್ಯಾಂಕರ್ ಚೀಟಿ ಹಿಡಿದು ಬಂದರು. ‘ಸಾರ್, ಜುಲೈ ತಿಂಗಳು. ಕಾರವಾರ. ಮಳೆಗೆ ಬಿಲ್ಲಾ?’ ಅವರಿಗೆ ಸಮಾಧಾನ ಹೇಳೋದು ನನ್ನಿಂದ ಆಗಲಿಲ್ಲ.

ಅಳಿವೆಯ ದೃಶ್ಯಗಳನ್ನು ಬೇಸಿಗೆಯಲ್ಲೇ ಮುಗಿಸಿದ್ದೆವು. ಅಲ್ಲಿ ಕಾಟ ಕೊಟ್ಟಿದ್ದು ಭರತ, ಇಳಿತ. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸೊಂಟದವರೆಗೆ ಇದ್ದ ನೀರು ಗುರುವಾರ ಅದೇ ಹೊತ್ತಿಗೆ ಕುತ್ತಿಗೆವರೆಗೆ. ಎರಡೂ ಶಾಟ್ ಜೋಡಿಸಿದರೆ ಹೀರೋ ಮಾತಾಡುತ್ತಾ ಮಾತಾಡುತ್ತಾ ಕುಳ್ಳ ಆಗಿಬಿಡುತ್ತಾನೆ. ನಮ್ಮ ಅಸೋಸಿಯೇಟ್ ಕಾಲ್‌ಶೀಟ್ ಬಿಟ್ಟು ತಿಥಿ ನೋಡೋಕೆ ಶುರು ಮಾಡಿದಳು. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಜಾಸ್ತಿ, ಅಷ್ಟಮಿ ಆಸುಪಾಸು ಕಡಿಮೆ. ಉದ್ದ ಮಾತುಕತೆಯ ದೃಶ್ಯಗಳನ್ನೆಲ್ಲ ಅಷ್ಟಮಿಗೆ ಇಟ್ಟಳು. ಸಿನಿಮಾ ಶೆಡ್ಯೂಲ್ ನೋಡಿದರೆ ಪುರೋಹಿತರು ಬರೆದ ಹಾಗಿತ್ತು.

ಬೆಳಚು ಹೆಕ್ಕೋದನ್ನು ಕಲಿಸಿದವರು ಅಘನಾಶಿನಿ ಊರಿನ ಒಬ್ಬ ಅಕ್ಕ. ಇಳಿತದ ಹೊತ್ತಿಗೆ ನೀರಿಗಿಳಿದು ಕಾಲ್ಬೆರಳಲ್ಲಿ ಕೆಸರು ತಡವುತ್ತಾ ಹೋಗಬೇಕು. ಗಟ್ಟಿ ತಾಗಿದಲ್ಲಿ ಮುಳುಗಿ ಕೈ ಹಾಕೋದು. ನಮ್ಮ ಹುಡುಗ ಸೀದಾ ಕೈ ಹಾಕಿದ. ‘ಕಣ್ಣಿಗೆ ಕಾಣ್ತದೇನೋ ತಮ್ಮಾ, ಕೆಸರಲ್ಲಿ? ಕಾಲಿಗೆ ಬುದ್ಧಿ ಕೊಡು’ ಅಂತ ಬೈದರು. ಈ ಕೆಲಸಕ್ಕೆ ನಾನು ಹೊಡೆದಾಟದಷ್ಟೇ ಸಮಯ ಇಟ್ಟಿದ್ದೆ. ಯಾಕಂದರೆ ದೋಣಿ ಎತ್ತೋದನ್ನು ಯಾರೂ ನೋಡಿಲ್ಲ, ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಬೆಳಚು ಹೆಕ್ಕೋದನ್ನು ಊರೆಲ್ಲ ನೋಡಿದೆ. ಅದರಲ್ಲಿ ಸುಳ್ಳು ಹೇಳಿದರೆ ದೋಣಿಯನ್ನೂ ನಂಬಲ್ಲ. ನೀರಿನೊಳಗಿನ ಶಾಟ್‌ಗೆ ಅಳಿವೆ ಆಗಲೇ ಇಲ್ಲ, ಕೆಸರಿನಲ್ಲಿ ಕೈ ಮುಂದೆ ಹಿಡಿದರೆ ಕೈ ಕಾಣಲ್ಲ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ, ತಿಳಿನೀರಿನಲ್ಲಿ ಒಂದಿಷ್ಟು ತೆಗೆದೆವು. ನಮ್ಮ ಜಿಲ್ಲೆಯವರೇ ಆದ ಶಂಕರ್‌ನಾಗ್ 1987ರಲ್ಲೇ ‘ಒಂದು ಮುತ್ತಿನ ಕಥೆ’ಗೆ ರಾಜ್‌ಕುಮಾರ್ ಅವರನ್ನು ನೀರಿನೊಳಗೆ ಇಳಿಸಿದ್ದರು. ಈಗಿನ ಸಣ್ಣ ಕ್ಯಾಮೆರಾ ಹಿಡಿದುಕೊಂಡೂ ನಾವು ಒದ್ದಾಡಿದ್ದು ನೋಡಿದರೆ, ಆಗ ಅವರು ಹೇಗೆ ಮಾಡಿದರೋ ಅಂತ ಇವತ್ತಿಗೂ ಬೆರಗು.

ಸಿನಿಮಾ ಮುಗಿದ ಮೇಲೆ ಬೆಂಗಳೂರಿನಲ್ಲಿ ಮೊದಲು ತೋರಿಸಿದೆವು. ಅಲ್ಲಿಯವರಿಗೆ ಭಾಷೆಯ ಚಿಂತೆ. ಕುಮಟಾ ಕಡೆಯ ಮಾತು, ನಡುನಡುವೆ ಕೊಂಕಣಿ, ಮೈಸೂರಿನವರಿಗೆ ಅರ್ಥ ಆಗುತ್ತದಾ ಅಂತ. ಆಗುತ್ತದೆ. ಇನ್ನೊಬ್ಬರು, ಮಲಯಾಳಂನಲ್ಲಿ 2021ರಲ್ಲಿ ‘ಮಿನ್ನಲ್ ಮುರಳಿ’ ಬಂದಿದೆಯಲ್ಲ, ಹಳ್ಳಿ ಸೂಪರ್‌ಹೀರೋ ಆಗಲೇ ಆಗಿಹೋಯಿತಲ್ಲ ಅಂದರು. ಹಳ್ಳಿಗೊಬ್ಬ ಇದ್ದರೂ ಜಾಸ್ತಿ ಏನಲ್ಲ ಅಂತ ನನ್ನ ಅಭಿಪ್ರಾಯ. ಬಾಲಮಂಗಳ ಅನ್ನೋ ಮಕ್ಕಳ ಪತ್ರಿಕೆಯಲ್ಲಿ ಡಿಂಗ ಅನ್ನೋ ಇಲಿ ಊರು ಕಾಪಾಡಿದ್ದನ್ನು ನಂಬಿ ಬೆಳೆದವರು ನಾವು.

ನಮ್ಮ ಕಡೆಯ ಥಿಯೇಟರ್‌ನಲ್ಲಿ ಸಂಜೆ ಶೋಗೆ ಅಘನಾಶಿನಿಯ ಅಕ್ಕನ ಮನೆಯವರೆಲ್ಲ ಬಂದಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ತೆರೆ ಬಿಟ್ಟು ಜನರನ್ನೇ ನೋಡುತ್ತಿದ್ದೆ. ಹುಡುಗ ದೋಣಿ ಎತ್ತಿದಾಗ ಶಿಳ್ಳೆ, ಅದು ಗೊತ್ತಿದ್ದದ್ದೇ. ಬಂದರದ ಹೊಡೆದಾಟದಲ್ಲಿ ಹಗ್ಗ ಬಿಗಿಯಾದಾಗ ಗಲಾಟೆ. ಆಮೇಲೆ ಕ್ಲೋಸಪ್‌ನಲ್ಲಿ ಅವನ ಭುಜದ ಮೇಲೆ ಒಂದೇ ಒಂದು ಹನಿ ಬಿತ್ತು, ಉಪ್ಪಿನಲ್ಲಿ ಒಂದು ಕಪ್ಪು ಚುಕ್ಕೆ ಮೂಡಿತು. ಸಂಗೀತ ಇಲ್ಲ, ಮಾತಿಲ್ಲ. ಮುಂದಿನ ಸಾಲಿನಿಂದ ಒಬ್ಬ ಪುಟ್ಟ ಹುಡುಗ ಎದ್ದು ನಿಂತು ಕೂಗಿದ: ‘ಏಯ್, ಮಳೆ ಬಂತು, ಓಡಾ!’ ಪಕ್ಕದಲ್ಲಿದ್ದ ಅಕ್ಕ ಅವನನ್ನು ಎಳೆದು ಕೂರಿಸಲಿಲ್ಲ. ಅವರೂ ಸೀಟಿನ ತುದಿಗೆ ಬಂದಿದ್ದರು.

ಸಿನಿಮಾ ಹಾಕಿದ ದುಡ್ಡು ತಂದಿತು, ಸ್ವಲ್ಪ ಮೇಲೂ ತಂದಿತು. ಹೋದ ವಾರ ನಿರ್ಮಾಪಕರು ಫೋನ್ ಮಾಡಿದರು. ಎರಡನೇ ಭಾಗ ಮಾಡೋಣ, ಈ ಸಲ ದೊಡ್ಡದಾಗಿ, ಹೀರೋನ ಬೆಂಗಳೂರಿಗೆ ಕರೆದುಕೊಂಡು ಬನ್ನಿ ಅಂದರು.

‘ಬೆಂಗಳೂರಲ್ಲಿ ಉಪ್ಪುನೀರು ಎಲ್ಲಿ ಸಾರ್?’ ಅಂದೆ.

‘ಅದಕ್ಕೇನಂತೆ, ಟ್ಯಾಂಕರ್ ತರಿಸೋಣ’ ಅಂದರು. ಮಳೆಯ ಬಿಲ್ ಪಾಸ್ ಮಾಡೋಕೆ ಎರಡು ತಿಂಗಳು ಸತಾಯಿಸಿದ ಮನುಷ್ಯ.

ಕಾರವಾರದಿಂದ ಟ್ಯಾಂಕರ್‌ನಲ್ಲಿ ಸಮುದ್ರದ ನೀರು ತುಂಬಿಸಿಕೊಂಡು, ಅರಬೈಲ್ ಘಟ್ಟ ಹತ್ತಿ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಹೀರೋ. ದಾರಿಯಲ್ಲಿ ನೀರು ಖಾಲಿಯಾಗುವ ಮುಂಚೆ ತಲುಪಬೇಕು. ನಿಯಮ ಮುರಿಯಲ್ಲ, ಗಡಿಯಾರವೂ ಇದೆ. ಫೋನ್ ಇಟ್ಟ ಮೇಲೆ ಮಾಮನ ಹತ್ತಿರ ಹೋಗಿ ಟ್ಯಾಂಕರ್ ಬಿಡಿಸೋಕೆ ಹೇಳಿದೀನಿ. ಅದಾದರೂ ಅಡ್ಡಕ್ಕೆ ಇರುತ್ತದೆ, ಸ್ಕೋಪ್‌ಗೆ ಸರಿಯಾಗುತ್ತದೆ.